ಗೋಡೆಯ ಮೇಲಿನ ಕಡಜ



ಕೀಟಗಳ ಮತ್ತು ಜೇಡಗಳ ಜಾಣತನದ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದು ಕುಳಿತಿದ್ದೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದಕ್ಕಾಗಿ ಕಡಜದ ಚಿತ್ರೀಕರಣಕ್ಕೆ ಹೋಗಿದ್ದೆವು. ಹಳೆಯ ಮನೆಯೊಂದರ ಜಗಲಿ. ಗೋಡೆಯ ಮೂಲೆಯಲ್ಲಿ ಕಡಜವೊಂದು ಮಣ್ಣಿನ ಗೂಡು ಕಟ್ಟುತ್ತಿತ್ತು. ಇದನ್ನು ನೀವೆಲ್ಲ ನೋಡಿಯೇ ಇರುತ್ತೀರಿ: ಕಪ್ಪು ಮೈ, ಅಲ್ಲಲ್ಲಿ ಹಳದಿ ಗುರುತು, ದಾರದಷ್ಟು ಸಣ್ಣ ಸೊಂಟ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೆಸರಿಗೆ ಹೋಗುವುದು, ದವಡೆಯಲ್ಲಿ ಒಂದು ಪುಟ್ಟ ಉಂಡೆ ಕಚ್ಚಿ ತರುವುದು, ಗುಂಯ್ ಎಂದು ಸದ್ದು ಮಾಡುತ್ತ ಅದನ್ನು ಒತ್ತಿ ಹಚ್ಚುವುದು. ಹೀಗೆ ಬೆರಳಿನಂಥ ಒಂದು ಕೊಳವೆ ತಯಾರಾಯಿತು. ಆಮೇಲೆ ಅದರೊಳಕ್ಕೆ ಒಂದೊಂದಾಗಿ ಜೇಡಗಳನ್ನು ತಂದು ತುಂಬಿತು. ಇನ್ನು ಬಾಯಿ ಮುಚ್ಚುವುದೊಂದೇ ಬಾಕಿ.

ನಾನು ಕಾಮೆಂಟರಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. 'ಹುಟ್ಟಲಿರುವ ಮಗುವಿನ ಹಸಿವನ್ನು ಮುಂದಾಗಿಯೇ ಯೋಚಿಸಿ ಈ ತಾಯಿ ಬುತ್ತಿ ಕಟ್ಟಿಡುತ್ತಿದ್ದಾಳೆ' ಎಂದೇನೋ ಇತ್ತು. ಗೂಡಿನ ಒಳಗಿನ ದೃಶ್ಯವೂ ಬೇಕೆಂಬ ಆಸೆಯಾಯಿತು. ಕಡಜ ಮಣ್ಣಿಗೆಂದು ಹೋದಾಗ ನಮ್ಮ ಛಾಯಾಗ್ರಾಹಕರು ಸಣ್ಣ ಚಾಕುವಿನಿಂದ ಗೂಡಿನ ಮಗ್ಗುಲನ್ನು ಕೆರೆದರು. ಕೈ ತುಸು ಜೋರಾಯಿತು. ಒಂದು ಬದಿ ಕಿತ್ತು ಬಂದು, ಒಳಗಿದ್ದ ಜೇಡಗಳೆಲ್ಲ ಮೊಟ್ಟೆಯ ಸಮೇತ ನೆಲಕ್ಕೆ ಬಿದ್ದವು. ಅಷ್ಟರಲ್ಲಿ ಕಡಜ ಹಿಂದಿರುಗಿತು. ಬಾಯಲ್ಲಿ ಮಣ್ಣಿನ ಉಂಡೆ. ನಾವು ಉಸಿರು ಬಿಗಿಹಿಡಿದು ನಿಂತೆವು. ಅದು ತೂತಿನ ಪಕ್ಕದಲ್ಲೇ ಕುಳಿತು ಮೀಸೆಗಳಿಂದ ತಡವಿತು, ಮುಂದಕ್ಕೆ ನಡೆಯಿತು, ಎಂದಿನಂತೆ ಕೊಳವೆಯ ಬಾಯನ್ನು ನೀಟಾಗಿ ಮುಚ್ಚಿತು, ಇನ್ನೂ ಎರಡು ಉಂಡೆ ತಂದು ಮೆತ್ತಿತು, ಹಾರಿಹೋಯಿತು. ಒಳಗೆ ಏನೂ ಇರಲಿಲ್ಲ. ಮಗ್ಗುಲಲ್ಲಿ ಕಿಟಕಿಯಂಥ ತೂತು ಹಾಗೆಯೇ ಇತ್ತು.

ಕ್ಯಾಮೆರಾ ಓಡುತ್ತಲೇ ಇತ್ತು, ಎಲ್ಲವೂ ಚಿತ್ರಿತವಾಗಿತ್ತು. ನಾನೇನು ಮಾಡಿದೆ ಗೊತ್ತೇ? ಆ ಭಾಗವನ್ನು ಕತ್ತರಿಸಿ ಬದಿಗಿಟ್ಟು, ಮೊದಲಿನ ದೃಶ್ಯಗಳನ್ನಷ್ಟೇ ನನ್ನ ಸಿಹಿಮಾತಿನ ಕಾಮೆಂಟರಿಯೊಂದಿಗೆ ಪ್ರಸಾರ ಮಾಡಿದೆ. ಕಾರ್ಯಕ್ರಮ ಚೆನ್ನಾಗಿತ್ತೆಂದು ಹಲವರು ಹೇಳಿದರು. ಒಂದು ಕಾರ್ಡು ಮಾತ್ರ ಬೇರೆಯಾಗಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಳು: 'ಸರ್, ಕಡಜ ಯೋಚಿಸಿತು ಎಂದು ನಿಮಗೆ ಹೇಗೆ ಗೊತ್ತಾಯಿತು?' ಅವಳಿಗೆ ನಾನು ಉತ್ತರ ಬರೆಯಲಿಲ್ಲ. ಬರೆಯಲು ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಮಾತು ತಡವಾಗಿ ಬಂದ ಆ ಉತ್ತರವೆಂದೇ ತಿಳಿಯಿರಿ.

ಕಡಜದ ಗೂಡು ನಮ್ಮ ಹಿರಿಯರ ಕುತೂಹಲವನ್ನೂ ಕೆಣಕಿತ್ತು. 'ಕೀಟ-ಭ್ರಮರ ನ್ಯಾಯ' ಎಂಬ ಮಾತನ್ನು ನೀವು ಕೇಳಿರಬಹುದು. ಭ್ರಮರವು ಹುಳವನ್ನು ಗೂಡಿನಲ್ಲಿ ಕೂಡಿಹಾಕಿ ಗುಂಯ್‌ಗುಡುತ್ತದೆ. ಹುಳವು ಭ್ರಮರವನ್ನೇ ಧ್ಯಾನಿಸುತ್ತ ಧ್ಯಾನಿಸುತ್ತ ತಾನೂ ಭ್ರಮರವೇ ಆಗಿಬಿಡುತ್ತದೆ ಎಂಬುದು ಇದರ ತಾತ್ಪರ್ಯ. ಭಕ್ತಿಗೆ ಸೊಗಸಾದ ಹೋಲಿಕೆ. ನೋಡಿದ್ದರಲ್ಲೂ ತಪ್ಪಿರಲಿಲ್ಲ: ಒಳಗೆ ಹೋದದ್ದು ಹುಳ, ಹೊರಗೆ ಬಂದದ್ದು ಕಡಜ, ನಡುವೆ ಕೇಳಿದ್ದು ಗುಂಯ್ ಸದ್ದು. ನಡುವಿನ ಕೊಂಡಿಯನ್ನು ಮಾತ್ರ ಕಲ್ಪನೆಯಿಂದ ತುಂಬಿಕೊಂಡರು. ವಾಸ್ತವದಲ್ಲಿ ಕಡಜ ತನ್ನ ಕೊಂಡಿಯಿಂದ ಚುಚ್ಚಿ ಬೇಟೆಯನ್ನು ನಿಶ್ಚೇಷ್ಟಗೊಳಿಸುತ್ತದೆ. ಕೆಲವು ಜಾತಿಗಳು ಕಂಬಳಿಹುಳುಗಳನ್ನು ತರುತ್ತವೆ, ನಮ್ಮ ಜಗಲಿಯದು ಜೇಡಗಳನ್ನು. ಅವು ಅಲುಗಾಡಲಾರವು, ಆದರೆ ಬೇಗ ಕೊಳೆಯುವುದೂ ಇಲ್ಲ. ಅವುಗಳಲ್ಲೊಂದರ ಮೇಲೆ ಕಡಜ ಒಂದು ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಆ ತಾಜಾ ಮಾಂಸವನ್ನು ತಿಂದು, ಕೋಶ ಕಟ್ಟಿ, ರೆಕ್ಕೆ ಮೂಡಿಸಿಕೊಂಡು, ಮಣ್ಣಿನ ಗೋಡೆ ಕೊರೆದು ಹೊರಬರುತ್ತದೆ. ಹಿರಿಯರು ನಡುವೆ ಧ್ಯಾನವನ್ನಿಟ್ಟರು, ನಾನು ಯೋಚನೆಯನ್ನಿಟ್ಟೆ. ಇಬ್ಬರ ತಪ್ಪೂ ಒಂದೇ ಜಾತಿಯದು.

ನಾವು ಅಂದು ಕೈತಪ್ಪಿ ಮಾಡಿದ್ದನ್ನು ಫ್ರಾನ್ಸಿನ ಝಾಂ ಆನ್ರಿ ಫಾಬ್ರ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೇಕೆಂದೇ ಮಾಡಿದ್ದ. 1823ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡ ಈ ಬಡ ಮೇಷ್ಟ್ರು ತನ್ನ ಉತ್ತರ ವಯಸ್ಸನ್ನೆಲ್ಲ ಕಲ್ಲುಮುಳ್ಳಿನ ಒಂದು ತುಂಡು ನೆಲದಲ್ಲಿ ಕೀಟಗಳನ್ನು ನೋಡುತ್ತ ಕಳೆದವನು. ಆತ ಜೇಡ ಹಿಡಿಯುವ ಕಡಜದ ಗೂಡಿನಿಂದ ಜೇಡವನ್ನೂ ಮೊಟ್ಟೆಯನ್ನೂ ತೆಗೆದುಬಿಟ್ಟ. ಕಡಜ ಮತ್ತೆ ಮತ್ತೆ ಜೇಡ ತಂದಿತು, ಆತ ಮತ್ತೆ ಮತ್ತೆ ತೆಗೆದ. ಕೊನೆಗೆ ಅದು ಬರಿದಾದ ಗೂಡಿಗೇ ಮುಚ್ಚಳ ಹಾಕಿ ಹೋಯಿತು. ಬೇಟೆಯನ್ನು ನೆಲದ ಬಿಲಕ್ಕೆ ಎಳೆದೊಯ್ಯುವ ಇನ್ನೊಂದು ಕಡಜದ ಕಥೆ ಇನ್ನೂ ಪ್ರಸಿದ್ಧ. ಅದು ಬೇಟೆಯನ್ನು ಬಾಗಿಲಲ್ಲಿಟ್ಟು, ಒಳಗೆ ಹೋಗಿ ಬಿಲವನ್ನು ಒಮ್ಮೆ ಪರೀಕ್ಷಿಸಿ, ಹೊರಬಂದು ಬೇಟೆಯನ್ನು ಎಳೆದುಕೊಳ್ಳುತ್ತದೆ. ಅದು ಒಳಗಿದ್ದಾಗ ಫಾಬ್ರ್ ಬೇಟೆಯನ್ನು ನಾಲ್ಕು ಬೆರಳು ಆಚೆಗೆ ಸರಿಸಿದ. ಕಡಜ ಹೊರಬಂದು ಬೇಟೆಯನ್ನು ಮತ್ತೆ ಬಾಗಿಲಿಗೆ ತಂದು, ಮತ್ತೆ ಒಳಗೆ ಪರೀಕ್ಷೆಗೆ ಹೋಯಿತು. ಆತ ಮತ್ತೆ ಸರಿಸಿದ. ಹೀಗೆ 40 ಸಲ! ಮೊದಲು ಬೇಸರ ಬಂದದ್ದು ಫಾಬ್ರ್‌ಗೆ, ಕಡಜಕ್ಕಲ್ಲ.

'ನೋಡಿ, ಕೀಟವೆಂದರೆ ಕೀಲಿ ಕೊಟ್ಟ ಗೊಂಬೆ' ಎನ್ನಲು ಈ ಕಥೆಯನ್ನು ಎಷ್ಟೋ ಪುಸ್ತಕಗಳು ಹೇಳುತ್ತ ಬಂದಿವೆ. ಆದರೆ ಅವು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಅದೇ ಫಾಬ್ರ್ ಅದೇ ಜಾತಿಯ ಕಡಜಗಳ ಬೇರೊಂದು ನೆಲೆಗೆ ಹೋಗಿ ಅದೇ ಆಟ ಹೂಡಿದಾಗ, ಅಲ್ಲಿನವು ಎರಡು ಮೂರು ಸಲ ಮೋಸಹೋದ ಮೇಲೆ ಪರೀಕ್ಷೆಯ ಗೊಡವೆಯನ್ನೇ ಬಿಟ್ಟು ಬೇಟೆಯನ್ನು ನೇರವಾಗಿ ಒಳಕ್ಕೆ ಎಳೆದುಕೊಂಡವು. ಇದನ್ನೂ ಆತ ಬರೆದಿಟ್ಟಿದ್ದಾನೆ. ನಂತರದವರು ತಮಗೆ ಬೇಕಾದ ಅರ್ಧವನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದರು. ಕತ್ತರಿ ನನ್ನೊಬ್ಬನ ಕೈಯಲ್ಲೇ ಇರಲಿಲ್ಲ ಎಂದು ಇದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು, ನಿಜ ಹೇಳಬೇಕೆಂದರೆ.

ಹಾಗಾದರೆ ಜಾಣತನವನ್ನು ಹುಡುಕುವುದು ಎಲ್ಲಿ? ನಮ್ಮನ್ನು ಬೆರಗುಗೊಳಿಸುವ ಕೆಲಸದಲ್ಲಲ್ಲ. ಜೇಡನ ಬಲೆ ಎಷ್ಟೇ ಕುಶಲವಾಗಿರಲಿ, ಯಾರೂ ಕಲಿಸದೆ ಮರಿ ಜೇಡವೂ ಅದನ್ನು ಹೆಣೆಯುತ್ತದೆ. ಅದು ಹುಟ್ಟಿನಿಂದ ಬಂದ ಆಸ್ತಿ. ಪರಿಸ್ಥಿತಿ ಬದಲಾದಾಗ ಪ್ರಾಣಿ ಏನು ಮಾಡುತ್ತದೆ, ಅಲ್ಲಿ ನೋಡಬೇಕು. ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು, ಕಾದು ನೋಡಬೇಕು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ನೆದರ್ಲೆಂಡ್ಸಿನ ನಿಕೋ ಟಿನ್‌ಬರ್ಗನ್ ಬಳಸಿದ್ದು ಪೈನ್ ಮರದ ಒಣ ಕಾಯಿಗಳನ್ನು. ಜೇನುನೊಣ ಹಿಡಿಯುವ ಕಡಜವೊಂದು ಮರಳಿನ ಬಿಲದೊಳಗೆ ಇದ್ದಾಗ ಬಾಯಿಯ ಸುತ್ತ ಅವನ್ನು ಉಂಗುರವಾಗಿ ಜೋಡಿಸಿದ. ಹೊರಬಂದ ಕಡಜ ಕೆಲವೇ ಸೆಕೆಂಡು ಮೇಲೆ ಸುತ್ತಾಡಿ ಬೇಟೆಗೆ ಹೋಯಿತು. ಅದು ಹೋದ ಮೇಲೆ ಉಂಗುರವನ್ನು ಒಂದಡಿ ಆಚೆಗೆ ಸರಿಸಿದ. ಕಡಜ ಹಿಂದಿರುಗಿ ಉಂಗುರದ ಸರಿಯಾದ ನಡುವೆ ಇಳಿಯಿತು. ಪಕ್ಕದಲ್ಲೇ ಬಾಯಿ ತೆರೆದಿದ್ದ ತನ್ನ ಬಿಲ ಅದಕ್ಕೆ ಸಿಗಲಿಲ್ಲ. 'ಎಂಥ ದಡ್ಡ' ಎನ್ನಬೇಡಿ. ಆ ಕೆಲವು ಸೆಕೆಂಡುಗಳ ಸುತ್ತಾಟದಲ್ಲಿ ಅದು ಮನೆಯ ಸುತ್ತಲಿನ ಹೊಸ ಗುರುತನ್ನು ಕಲಿತುಬಿಟ್ಟಿತ್ತು. ಇದು ಹುಟ್ಟಿನಿಂದ ಬಂದದ್ದಲ್ಲ, ಅಂದೇ ಕಲಿತ ಪಾಠ. ಟಿನ್‌ಬರ್ಗನ್‌ಗೆ ಮುಂದೆ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಜೇನ್ನೊಣಗಳ ಕುಣಿತದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಅವನ ಜೊತೆಗಾರರಲ್ಲೊಬ್ಬ.

ಆ ಕುಣಿತದ ವಿಷಯ ನಿಮ್ಮ ಪಠ್ಯದಲ್ಲಿ ಬಂದಿರಬಹುದು. ಮೇವು ಕಂಡ ಜೇನ್ನೊಣ ಗೂಡಿಗೆ ಬಂದು ಕತ್ತಲಲ್ಲಿ, ನಿಂತ ಹಟ್ಟಿಯ ಮೇಲೆ, ಹೊಟ್ಟೆಯನ್ನು ಅಲ್ಲಾಡಿಸುತ್ತ ನೇರ ಓಡುತ್ತದೆ. ಓಟವು ಲಂಬ ರೇಖೆಗೆ ಎಷ್ಟು ಕೋನದಲ್ಲಿದೆಯೋ ಮೇವು ಸೂರ್ಯನಿಂದ ಅಷ್ಟೇ ಕೋನದಲ್ಲಿದೆ. ಓಟ ಹೆಚ್ಚು ಹೊತ್ತು ನಡೆದಷ್ಟೂ ಮೇವು ದೂರ. ಬೆಂಗಳೂರಿನ ವಿಜ್ಞಾನಿಗಳೂ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಹೆಜ್ಜೇನು, ಕೋಲುಜೇನು, ತುಡುವೆ ಜೇನುಗಳು ಒಂದೇ ದೂರವನ್ನು ಬೇರೆ ಬೇರೆ ಅಳತೆಯಲ್ಲಿ ಕುಣಿಯುತ್ತವೆಂದು ತೋರಿಸಿತು. ಹತ್ತಿರದಲ್ಲೇ ಮೇಯುವ ತುಡುವೆಯದು ದೀರ್ಘ ಕುಣಿತ, ದೂರ ಹೋಗುವ ಹೆಜ್ಜೇನಿನದು ಚುಟುಕು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ ಅನ್ನಿ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ ಪ್ರಶ್ನೆ ಬೇರೆ. ತಾನು ಎಷ್ಟು ದೂರ ಹಾರಿದೆನೆಂದು ನೊಣಕ್ಕೆ ತಿಳಿಯುವುದು ಹೇಗೆ? ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಲಿತು, ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು ಇದನ್ನು ಕೇಳಿದ ರೀತಿ ನೋಡಿ. ಆರು ಮೀಟರಿನಷ್ಟು ಉದ್ದದ ಒಂದು ಇಕ್ಕಟ್ಟಾದ ಸುರಂಗ ಮಾಡಿ, ಒಳಗೋಡೆಗೆ ಕಪ್ಪು ಬಿಳುಪು ಚಿತ್ತಾರ ಅಂಟಿಸಿ, ಕೊನೆಯಲ್ಲಿ ಸಕ್ಕರೆ ನೀರಿಟ್ಟರು. ಕುಡಿದು ಹಿಂದಿರುಗಿದ ನೊಣಗಳು ಗೂಡಿನಲ್ಲಿ ಸುಮಾರು 200 ಮೀಟರು ಹಾರಿ ಬಂದಂತೆ ಕುಣಿದವು! ಅದೇ ಸುರಂಗದ ಗೋಡೆಗೆ ಉದ್ದುದ್ದ ಪಟ್ಟೆಗಳನ್ನು ಅಂಟಿಸಿದಾಗ ಮೇವು ಬಾಗಿಲಲ್ಲೇ ಇದೆ ಎಂಬಂತೆ ಕುಣಿದವು. ಏಕೆ? ನೀವು ಬಸ್ಸಿನ ಕಿಟಕಿ ಪಕ್ಕ ಕುಳಿತಾಗ ರಸ್ತೆಬದಿಯ ಮರಗಳು ಸರ್ರನೆ ಹಿಂದಕ್ಕೋಡುತ್ತವೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ಇಕ್ಕಟ್ಟಾದ ಸುರಂಗದಲ್ಲಿ ಚಿತ್ತಾರ ಕಣ್ಣಿಗೆ ತೀರ ಹತ್ತಿರ. ಅದು ವೇಗವಾಗಿ ಓಡಿದಷ್ಟೂ ನೊಣ ತಾನು ಬಹಳ ದೂರ ಬಂದೆನೆಂದುಕೊಳ್ಳುತ್ತದೆ. ಉದ್ದ ಪಟ್ಟೆಯಲ್ಲಿ ಯಾವುದೂ ಹಿಂದೋಡುವುದಿಲ್ಲ. ಅಂದರೆ ನೊಣ ದೂರವನ್ನು ಅಳೆಯುವುದು ಕಣ್ಣ ಮುಂದೆ ಸರಿದುಹೋದ ಲೋಕದಿಂದ. ಈ ಸೂತ್ರವನ್ನು ಪೈಲಟ್ ಇಲ್ಲದ ಪುಟ್ಟ ವಿಮಾನಗಳಿಗೂ ಅಳವಡಿಸಿದರು.

ಮರುಭೂಮಿಯ ಇರುವೆಯದು ಬೇರೆಯೇ ಲೆಕ್ಕ. ಸಹಾರಾದ ಇರುವೆಗಳ ಕಾಲಿಗೆ ಹಂದಿಕೂದಲಿನ ಮರಗಾಲು ಅಂಟಿಸಿದಾಗ ಅವು ಗೂಡನ್ನು ದಾಟಿ ಮುಂದೆ ಹೋಗಿಬಿಟ್ಟವು; ಕಾಲನ್ನು ಮೋಟು ಮಾಡಿದಾಗ ಗೂಡಿಗೆ ಮುಂಚೆಯೇ ನಿಂತು ಹುಡುಕಾಡಿದವು. ಅವು ಹೆಜ್ಜೆ ಎಣಿಸಿದಂತೆ ನಡೆಯುತ್ತವೆಂದು 2006ರಲ್ಲಿ ಹೀಗೆ ಗೊತ್ತಾಯಿತು. ಕಾಲು ಕತ್ತರಿಸುವುದು ನನಗೇನೂ ಇಷ್ಟವಾದ ಪ್ರಯೋಗವಲ್ಲ.

ಇದೆಲ್ಲ ಒಳ್ಳೆಯ ಯಂತ್ರದ ಕೆಲಸವಾಯಿತು, ಬುದ್ಧಿ ಎಲ್ಲಿ ಎಂದು ನೀವು ಕೇಳಬಹುದು. 2001ರಲ್ಲಿ ಮಾರ್ಟಿನ್ ಜ್ಯೂರ್ಫ, ಶ್ರೀನಿವಾಸನ್ ಮೊದಲಾದವರು ಪ್ರಕಟಿಸಿದ ಪ್ರಯೋಗವನ್ನು ಕೇಳಿ. ಕವಲುದಾರಿಯ ಬಾಗಿಲಲ್ಲಿ ನೀಲಿ ಬಣ್ಣ ಕಂಡರೆ, ಒಳಗಿನ ಎರಡು ಕವಲುಗಳಲ್ಲಿ ನೀಲಿ ಇರುವ ಕಡೆಗೆ ಹೋದ ನೊಣಕ್ಕೆ ಸಕ್ಕರೆ. ಹಳದಿ ಕಂಡರೆ ಹಳದಿ ಇರುವ ಕಡೆಗೆ. ಇದನ್ನು ಕಲಿತ ನೊಣಗಳಿಗೆ ಬಣ್ಣವನ್ನೇ ತೆಗೆದು ಅಡ್ಡ ಗೆರೆ, ಉದ್ದ ಗೆರೆ ತೋರಿಸಿದರು. ಎಂದೂ ಕಾಣದ ಗೆರೆಗಳು. ಆದರೂ ಹೆಚ್ಚಿನವು ಬಾಗಿಲಲ್ಲಿ ಕಂಡ ಗೆರೆಯನ್ನೇ ಆರಿಸಿಕೊಂಡವು. ವಾಸನೆಯಲ್ಲಿ ಕಲಿತ ಪಾಠವನ್ನು ಬಣ್ಣಕ್ಕೂ ಅನ್ವಯಿಸಿದವು. ಅವು ಕಲಿತದ್ದು ನೀಲಿ ಎಂದಲ್ಲ, 'ಅದೇ' ಎಂದು. ನೊಣದ ಮಿದುಳಿನಲ್ಲಿರುವುದು ಸುಮಾರು 10 ಲಕ್ಷ ನರಕೋಶ, ನಿಮ್ಮ ಮಿದುಳಿನಲ್ಲಿ ಸುಮಾರು 8600 ಕೋಟಿ. 'ಅದೇ', 'ಬೇರೆ' ಎಂಬ ಭಾವಕ್ಕೆ ಅಷ್ಟು ದೊಡ್ಡ ಮಿದುಳು ಬೇಕಿಲ್ಲವೆಂದಾಯಿತು.

ಲಂಡನ್ನಿನ ಲಾರ್ಸ್ ಚಿಟ್ಕರ ಪ್ರಯೋಗಾಲಯದಲ್ಲಿ ಬಂಬಲ್ ಜೇನುಗಳು ಪುಟ್ಟ ಚೆಂಡನ್ನು ನಡುಗುರುತಿಗೆ ಉರುಳಿಸಿ ಸಕ್ಕರೆ ಗಳಿಸಲು ಕಲಿತವು. ಮೊದಲು ಕಲಿತ ನೊಣ ದೂರದ ಚೆಂಡನ್ನು ಉರುಳಿಸಿತ್ತು. ಅದನ್ನು ನೋಡಿ ಕಲಿತ ನೊಣಗಳು ಹತ್ತಿರದ ಚೆಂಡನ್ನು ಉರುಳಿಸಿದವು. ಬರೀ ನಕಲು ಮಾಡಲಿಲ್ಲ, ನೋಡಿ, ಶ್ರಮ ಉಳಿಸಿದವು. ಇದು 2017ರ ಮಾತು.

ಈಗ ಜೇಡ. (ಜೇಡ ಕೀಟವಲ್ಲ; ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ಪರೀಕ್ಷೆಯಲ್ಲಿ ಮರೆಯಬೇಡಿ.) ನಮ್ಮ ದೇಶವೂ ಸೇರಿ ಶ್ರೀಲಂಕಾ, ಫಿಲಿಪೀನ್ಸ್, ಆಸ್ಟ್ರೇಲಿಯಾದ ಕಾಡುಗಳಲ್ಲಿ ಪೋರ್ಶಿಯಾ ಎಂಬ ಜಿಗಿಯುವ ಜೇಡವಿದೆ. ಒಂದು ಸೆಂಟಿಮೀಟರೂ ಇಲ್ಲ. ಕಸದ ಚೂರಿನಂತೆ ಕಾಣುತ್ತದೆ. ಅದರ ಇಷ್ಟದ ಊಟ ಬೇರೆ ಜೇಡಗಳು. ನ್ಯೂಜಿಲೆಂಡಿನ ರಾಬರ್ಟ್ ಜಾಕ್ಸನ್ ಮತ್ತು ಸಂಗಡಿಗರು ಇದರ ಹಿಂದೆ ದಶಕಗಳನ್ನೇ ಕಳೆದಿದ್ದಾರೆ. ಪೋರ್ಶಿಯಾ ಅನ್ಯರ ಬಲೆಯ ಅಂಚಿನಲ್ಲಿ ನಿಂತು ಎಳೆಗಳನ್ನು ವೀಣೆಯಂತೆ ಮೀಟುತ್ತದೆ. ಒಂದು ತೆರನಾಗಿ ಮೀಟಿ ನೋಡುತ್ತದೆ, ಒಡತಿ ಕದಲದಿದ್ದರೆ ಇನ್ನೊಂದು ತೆರನಾಗಿ, ಮತ್ತೊಂದು ತೆರನಾಗಿ. ಯಾವ ಮಿಡಿತಕ್ಕೆ ಆಕೆ ಒಂದು ಹೆಜ್ಜೆ ಮುಂದಿಟ್ಟಳೋ ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಬಲೆ ಗಾಳಿಗೆ ಅಲುಗಿದಾಗ ಆ ಅಲುಗಾಟದ ಮರೆಯಲ್ಲಿ ತಾನು ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ.

ಬಲೆಯ ನಡುವೆ ಕತ್ತರಿ ಗುರುತು ಹಾಕುವ ತೋಟದ ಜೇಡವನ್ನು ನೀವು ಕಂಡಿದ್ದೀರಲ್ಲ, ಅದರ ಬಳಗದವು ಶತ್ರುವಿನ ಸುಳಿವು ಸಿಕ್ಕರೆ ಬಲೆಯನ್ನು ಜೋರಾಗಿ ಜೀಕಿ ಅದನ್ನು ಎಸೆದುಬಿಡುತ್ತವೆ. ಅಂಥ ಬಲೆ ಎದುರಾದರೆ ಪೋರ್ಶಿಯಾ ಸುತ್ತಮುತ್ತ ದಿಟ್ಟಿಸಿ, ಬೆನ್ನು ತಿರುಗಿಸಿ ಹೊರಟುಬಿಡುತ್ತದೆ. ಸೋತಿತು ಎಂದುಕೊಂಡಿರಾ? ಬೇಟೆ ಕಣ್ಣಿಗೇ ಕಾಣದ ಬಳಸುದಾರಿಯಲ್ಲಿ ಗಿಡ ಹತ್ತಿ, ಬಲೆಯ ಮೇಲಿನ ಕೊಂಬೆಗೆ ಬಂದು, ಬಲೆಯನ್ನು ಮುಟ್ಟದಂತೆ ತನ್ನದೇ ನೂಲಿನಲ್ಲಿ ಇಳಿದು, ಒಡತಿಯ ಎದುರಿಗೆ ಬಂದಾಗ ತೂಗಿ ಹಿಡಿಯುತ್ತದೆ. ಪ್ರಯೋಗಾಲಯದಲ್ಲೂ ಪರೀಕ್ಷೆಯಾಗಿದೆ: ಎರಡು ದಾರಿಗಳಲ್ಲಿ ಒಂದು ಮಾತ್ರ ಬೇಟೆಗೆ ಒಯ್ಯುತ್ತದೆ, ಕೆಳಗಿಳಿದ ಮೇಲೆ ಬೇಟೆ ಕಾಣುವುದಿಲ್ಲ. ಮೇಲಿನಿಂದ ಮೊದಲೇ ನೋಡಿಟ್ಟುಕೊಂಡ ಪೋರ್ಶಿಯಾ ಹೆಚ್ಚಿನ ಸಲ ಸರಿಯಾದ ದಾರಿಯನ್ನೇ ಹಿಡಿಯಿತು.

ಇನ್ನೊಂದು ಸಂಗತಿಯಿದೆ, ಇದನ್ನು ಹೇಳದಿದ್ದರೆ ನಾನು ಮತ್ತೆ ಕತ್ತರಿ ಹಿಡಿದಂತಾಗುತ್ತದೆ. ಫಿಲಿಪೀನ್ಸಿನ ಒಂದು ಕಡೆ ಅಂಟು ಉಗುಳುವ ಜೇಡಗಳಿವೆ. ಅಲ್ಲಿನ ಪೋರ್ಶಿಯಾ ಅವನ್ನು ಹಿಂದಿನಿಂದ ಬಂದು ಹಿಡಿಯುತ್ತದೆ. ಉಗುಳುವ ಜೇಡದ ಬಾಯಲ್ಲಿ ಮೊಟ್ಟೆಯ ಗಂಟು ಇದ್ದರೆ ಮಾತ್ರ ಧೈರ್ಯವಾಗಿ ಎದುರಿನಿಂದಲೇ ಹೋಗುತ್ತದೆ, ಏಕೆಂದರೆ ಉಗುಳಬೇಕಾದರೆ ಅದು ಮೊದಲು ಮೊಟ್ಟೆಗಳನ್ನು ಕೆಳಗಿಡಬೇಕು. ಎಂಥ ತರ್ಕ ಎನಿಸುವುದಿಲ್ಲವೇ? ಆದರೆ ಉಗುಳುವ ಜೇಡವನ್ನು ಎಂದೂ ಕಾಣದೆ ಪ್ರಯೋಗಾಲಯದಲ್ಲೇ ಬೆಳೆದ ಮರಿಗಳೂ ಹಾಗೆಯೇ ಮಾಡಿದವು! ಎಂದರೆ ಇದು ಆಸ್ತಿ, ಆ ಮೀಟುವಿಕೆ ಗಳಿಕೆ. ಒಂದೇ ಜೇಡದಲ್ಲಿ ಎರಡೂ ಇವೆ. ಬರಿಗಣ್ಣಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು.

ಕೊನೆಗೆ ಮತ್ತೆ ನಮ್ಮ ಕಡಜಗಳಿಗೇ ಬರೋಣ. ನಮ್ಮ ಕಿಟಕಿಗಳಲ್ಲಿ, ಸೂರಿನಡಿಯಲ್ಲಿ ಕಾಗದದಂಥ ಪುಟ್ಟ ಗೂಡು ಕಟ್ಟುವ ಕಂದು ಕಡಜಗಳಿವೆ. ರೊಪಲಿಡಿಯಾ ಮಾರ್ಜಿನೇಟ ಎಂದು ಶಾಸ್ತ್ರೀಯ ಹೆಸರು. ಕಡ್ಡಿಗೆ ಬಟ್ಟೆ ಸುತ್ತಿ ಸುಡುವ ಮೊದಲು ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಈ ಕಡಜಗಳಿಗೆ ತಮ್ಮ ಆಯುಷ್ಯವನ್ನೇ ಮುಡಿಪಾಗಿಟ್ಟವರು. ಪ್ರತಿ ಕಡಜದ ಮೈಮೇಲೂ ಬೇರೆ ಬೇರೆ ಬಣ್ಣದ ಚುಕ್ಕೆಯಿಟ್ಟು, ಯಾರು ಯಾರೊಡನೆ ಏನು ಮಾಡಿದರೆಂದು ಗಂಟೆಗಟ್ಟಲೆ ಬರೆದುಕೊಳ್ಳುವುದು ಅವರ ಕ್ರಮ. ಈ ಗೂಡಿನಲ್ಲಿ ಒಬ್ಬಳು ರಾಣಿ, ಅತಿ ಸಾಧು. ಅವಳನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯೊಬ್ಬಳು ವಿಪರೀತ ಜೋರು ಮಾಡತೊಡಗುತ್ತಾಳೆ. ರಾಣಿ ಹಿಂದಿರುಗದಿದ್ದರೆ ಒಂದು ವಾರದ ಸುಮಾರಿಗೆ ಅವಳೇ ರಾಣಿ. ಆಮೇಲೆ ಅವಳೂ ಸಾಧುವೇ. ಯಾರು ಮುಂದಿನ ರಾಣಿಯಾಗುತ್ತಾಳೆಂದು ಗಾತ್ರ ನೋಡಿಯಾಗಲಿ ನಡತೆ ನೋಡಿಯಾಗಲಿ ವಿಜ್ಞಾನಿಗಳಿಗೆ ಮೊದಲೇ ಹೇಳಲಾಗಲಿಲ್ಲ. ಹಾಗಾದರೆ ಕಡಜಗಳಿಗೆ ಗೊತ್ತಿದೆಯೇ?

ಅನಿಂದಿತಾ ಭದ್ರ ಮತ್ತು ಗದಗ್ಕರ್ ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿಜಾಲರಿ ಇಟ್ಟರು. ರಾಣಿ ಒಂದು ಬದಿಗೆ. ಇನ್ನೊಂದು ಬದಿಯಲ್ಲಿ ಒಬ್ಬಳು ಎದ್ದಳು. ಆಕೆಯನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಈಚೆಯವರು ಆಕೆಯನ್ನು ತಕರಾರಿಲ್ಲದೆ ಒಪ್ಪಿಕೊಂಡರು. ಉಳಿದ ಗೂಡುಗಳಲ್ಲಿ ಆಕೆ ಸುಮ್ಮನಾಗಿಬಿಟ್ಟಳು. ಈಚೆಯ ಬದಿಯಿಂದ ಮತ್ತೊಬ್ಬಳು ಎದ್ದಳು, ಆಕೆಯನ್ನು ಆಚೆ ಬದಿಗೆ ಬಿಟ್ಟಾಗ ಅಲ್ಲಿಯವರೂ ಒಪ್ಪಿದರು. ಮೂರನೆಯವಳು ಬೇಕಾಗಲೇ ಇಲ್ಲ. ವಾರಸುದಾರ್ತಿ ಯಾರೆಂಬುದು ಗೂಡಿನಲ್ಲಿ ಮೊದಲೇ ಇತ್ಯರ್ಥವಾಗಿತ್ತು, ನಮಗೆ ಮಾತ್ರ ಕಾಣುತ್ತಿರಲಿಲ್ಲ. 2008ರ ಆ ಲೇಖನದ ಶೀರ್ಷಿಕೆಯಲ್ಲಿ 'ತಿಳಿದಿದೆ' ಎಂಬ ಪದ ಎರಡು ಸಲ ಬರುತ್ತದೆ: ನಮಗೆ ತಿಳಿದಿದೆ, ಕಡಜಗಳಿಗೆ 'ತಿಳಿದಿದೆ' ಎಂದು. ಎರಡನೆಯದಕ್ಕೆ ಮಾತ್ರ ಉದ್ಧರಣ ಚಿಹ್ನೆ ಹಾಕಿದ್ದಾರೆ. ನನ್ನ ಕಾಮೆಂಟರಿಯಲ್ಲಿ 'ಯೋಚಿಸಿ' ಎಂಬ ಪದಕ್ಕೆ ಆ ಚಿಹ್ನೆ ಇರಲಿಲ್ಲ. ಕೇಳುವ ಮಾತಿನಲ್ಲಿ ಅದನ್ನು ಹಾಕಲು ಬರುವುದೂ ಇಲ್ಲ.

ಕಾರ್ಡು ಬರೆದ ಹುಡುಗಿಗೆ ಇಷ್ಟು ಹೇಳಬಲ್ಲೆ: ಕಡಜ ಯೋಚಿಸಿತೆಂದು ನನಗೆ ಗೊತ್ತಿರಲಿಲ್ಲ, ಯೋಚಿಸಲಿಲ್ಲವೆಂದೂ ಗೊತ್ತಿಲ್ಲ. ಒಂದು ಗೂಡಿಗೆ ಒಂದು ಸಲ ತೂತು ಬಿದ್ದದ್ದು ಪ್ರಯೋಗವಾಗುವುದಿಲ್ಲ. ಹತ್ತು ಗೂಡು ಬೇಕು, ಬೇರೆ ಬೇರೆ ಹೊತ್ತು ಬೇಕು, ತೂತು ಮಾಡದೆ ಬಿಟ್ಟ ಗೂಡುಗಳೂ ಬೇಕು. ನಿಮ್ಮ ಶಾಲೆಯ ಗೋಡೆಯಲ್ಲಿ ಇಂಥ ಗೂಡಿದ್ದರೆ ಅದನ್ನು ಕೆಡಿಸಬೇಡಿ. ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಕಡಜ ಎಷ್ಟು ಉಂಡೆ ತಂದಿತು, ಎಷ್ಟು ಜೇಡ, ಮಳೆ ಬಂದಾಗ ಏನು ಮಾಡಿತು, ಹಳೆಯ ಬಿರುಕನ್ನು ಎಂದಾದರೂ ಮೆತ್ತಿತೇ ಎಂದು ಬರೆದಿಡಿ. ದಿನಾಂಕ ಹಾಕುವುದನ್ನು ಮರೆಯಬೇಡಿ.

ಅಂದು ಬದಿಗಿಟ್ಟ ಆ ಟೇಪು ಇನ್ನೂ ನನ್ನ ಬಳಿಯಿದೆ. ತೂತು ಬಿದ್ದ ಗೂಡು, ಮಣ್ಣು ಹಿಡಿದು ಬಂದ ಕಡಜ, ಮುಚ್ಚಿಕೊಳ್ಳುವ ಬಾಯಿ, ಎಲ್ಲವೂ ಮೂರೂವರೆ ನಿಮಿಷ. ಈ ಬಾರಿಯ ಕಾರ್ಯಕ್ರಮದ ಕೊನೆಯಲ್ಲಿ ಅದನ್ನು ಕತ್ತರಿಸದೆ ತೋರಿಸುತ್ತಿದ್ದೇವೆ. ಅದಕ್ಕೆ ನಾನು ಕಾಮೆಂಟರಿ ಬರೆದಿಲ್ಲ. ಗುಂಯ್ ಸದ್ದು ಮಾತ್ರ ಇರುತ್ತದೆ.